ಲಿಯೋ ಫೆಂಡರ್

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ (10 ಆಗಸ್ಟ್ 1909 – 21 ಮಾರ್ಚ್ 1991) ಅಮೆರಿಕದ ವಾದ್ಯ ತಯಾರಕರು, ಸಂಶೋಧಕರು ಹಾಗೂ ಉದ್ಯಮಿ. ಲಿಯೋ ಫೆಂಡರ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ನಗರದಲ್ಲಿ ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿಯನ್ನು ಸ್ಥಾಪಿಸಿದರು. ಟೆಲಿಕಾಸ್ಟರ್ ಮತ್ತು ಸ್ಟ್ರಾಟೊಕಾಸ್ಟರ್ ಎಂಬ ವಿದ್ಯುತ್ ಗಿಟಾರ್‌ಗಳು, ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಬೇಸ್ ಗಿಟಾರ್ ಮತ್ತು ಬೇಸ್‌ಮ್ಯಾನ್, ಟ್ವಿನ್ ಮೊದಲಾದ ಆಂಪ್ಲಿಫೈಯರ್‌ಗಳು ಇವರ ಕಾರ್ಖಾನೆಯಲ್ಲಿ ರೂಪುಗೊಂಡವು. ಇವುಗಳಲ್ಲಿ ಹಲವು ವಾದ್ಯಗಳು ಮೂಲ ವಿನ್ಯಾಸದಿಂದ ಹೆಚ್ಚು ಬದಲಾಗದೆ ಇಂದಿಗೂ ತಯಾರಾಗುತ್ತಿವೆ.

ಫೆಂಡರ್ ಅವರು ಗಿಟಾರ್ ನುಡಿಸುವುದನ್ನು ಎಂದೂ ಕಲಿಯಲಿಲ್ಲ. ವೃತ್ತಿಯಿಂದ ಮೊದಲು ಲೆಕ್ಕಿಗರಾಗಿದ್ದು ಬಳಿಕ ರೇಡಿಯೊ ದುರಸ್ತಿಗಾರರಾದ ಅವರು, ವಾದಕರ ಮಾತನ್ನು ಕೇಳಿ, ಅವರ ಕೈಗೆ ವಾದ್ಯಗಳನ್ನು ಕೊಟ್ಟು ಪರೀಕ್ಷಿಸಿ, ಸ್ಪಷ್ಟವೂ ಶುದ್ಧವೂ ಆದ ನಾದವನ್ನು ಸುಮಾರು ಐದು ದಶಕಗಳ ಕಾಲ ಅರಸಿದರು. ಮರಣದ ಹಿಂದಿನ ದಿನದವರೆಗೂ ಅವರು ಈ ಕೆಲಸದಲ್ಲಿ ತೊಡಗಿದ್ದರು.

ಜನನ ಮತ್ತು ಬಾಲ್ಯ

ಲಿಯೋ ಫೆಂಡರ್ ಅವರು 1909ರ ಆಗಸ್ಟ್ 10ರಂದು ದಕ್ಷಿಣ ಕ್ಯಾಲಿಫೋರ್ನಿಯಾದ ಅನಾಹೈಮ್ ಮತ್ತು ಫುಲ್ಲರ್ಟನ್ ನಗರಗಳ ನಡುವಿನ ಪ್ರದೇಶದಲ್ಲಿ ಜನಿಸಿದರು. ತಂದೆ ಕ್ಲಾರೆನ್ಸ್ ಮಾಂಟೆ ಫೆಂಡರ್, ತಾಯಿ ಹ್ಯಾರಿಯೆಟ್ ಎಲ್ವೈರಾ ವುಡ್. ಇವರದು ಕಿತ್ತಳೆ ತೋಟವನ್ನು ಹೊಂದಿದ್ದ ಕೃಷಿಕ ಕುಟುಂಬ.

ಎಂಟನೆಯ ವಯಸ್ಸಿನಲ್ಲಿ ಗಡ್ಡೆಯ ಕಾರಣದಿಂದ ಅವರ ಎಡಗಣ್ಣನ್ನು ತೆಗೆಯಬೇಕಾಯಿತು. ಆ ಸ್ಥಾನದಲ್ಲಿ ಗಾಜಿನ ಕಣ್ಣನ್ನು ಅಳವಡಿಸಲಾಯಿತು. ಇದೇ ಕಾರಣದಿಂದ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯದ ಸೇವೆಗೆ ಅರ್ಹರಾಗಲಿಲ್ಲ. ಬಾಲ್ಯದಲ್ಲಿ ಪಿಯಾನೊ ಪಾಠಕ್ಕೆ ಹೋಗಿದ್ದ ಅವರು ಅನಂತರ ಸ್ಯಾಕ್ಸೊಫೋನ್ ಕಲಿಯಲು ಯತ್ನಿಸಿದರು. ಆದರೆ ವಾದನಕ್ಕಿಂತ ಯಂತ್ರಗಳ ಕಡೆಗೆ ಅವರ ಒಲವು ಹೆಚ್ಚಾಗಿತ್ತು.

1922ರಲ್ಲಿ, ಅವರಿಗೆ ಹದಿಮೂರು ವರ್ಷವಾಗಿದ್ದಾಗ, ಮೋಟಾರು ವಾಹನಗಳ ವಿದ್ಯುತ್ ದುರಸ್ತಿ ಅಂಗಡಿ ನಡೆಸುತ್ತಿದ್ದ ಬಂಧು ಜಾನ್ ವೆಸ್ಟ್ ಅವರು ಬಳಸಿಬಿಟ್ಟ ಬಿಡಿಭಾಗಗಳು ಮತ್ತು ಬ್ಯಾಟರಿ ತುಂಬಿದ ಪೆಟ್ಟಿಗೆಯೊಂದನ್ನು ಅವರಿಗೆ ಕಳುಹಿಸಿದರು. ಮರುವರ್ಷ ಆ ಅಂಗಡಿಗೆ ಭೇಟಿಕೊಟ್ಟಾಗ, ವೆಸ್ಟ್ ಅವರು ಸ್ವತಃ ಜೋಡಿಸಿದ್ದ ರೇಡಿಯೊದಿಂದ ಜೋರಾಗಿ ಹೊಮ್ಮುತ್ತಿದ್ದ ಸಂಗೀತ ಬಾಲಕನ ಮೇಲೆ ಆಳವಾದ ಪರಿಣಾಮ ಬೀರಿತು. ಅಂದಿನಿಂದ ಫೆಂಡರ್ ಅವರು ತಮ್ಮ ಮನೆಯಲ್ಲಿಯೇ ರೇಡಿಯೊಗಳನ್ನು ಬಿಚ್ಚಿ ಜೋಡಿಸತೊಡಗಿದರು.

ಶಿಕ್ಷಣ ಮತ್ತು ಆರಂಭದ ಉದ್ಯೋಗಗಳು

1928ರಲ್ಲಿ ಫುಲ್ಲರ್ಟನ್ ಯೂನಿಯನ್ ಹೈಸ್ಕೂಲಿನಲ್ಲಿ ಶಿಕ್ಷಣ ಮುಗಿಸಿದ ಫೆಂಡರ್ ಅವರು ಫುಲ್ಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಲೆಕ್ಕಶಾಸ್ತ್ರವನ್ನು ಆಯ್ದುಕೊಂಡರು. ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಅವರು ಯಾವ ತರಗತಿಗೂ ಹೋಗಲಿಲ್ಲ. ಆ ವಿದ್ಯೆಯನ್ನು ಸ್ವಂತ ಪ್ರಯತ್ನದಿಂದಲೇ ಗಳಿಸಿದರು.

ಕಾಲೇಜಿನ ನಂತರ ಅನಾಹೈಮ್‌ನ ಮಂಜುಗಡ್ಡೆ ಮತ್ತು ಶೀತಲಗೃಹ ಕಂಪನಿಯೊಂದರಲ್ಲಿ ಸರಕು ಸಾಗಿಸುವ ಕೆಲಸಕ್ಕೆ ಸೇರಿ, ಅಲ್ಲಿಯೇ ಲೆಕ್ಕಪತ್ರ ಬರೆಯುವವರಾದರು. ಈ ಅವಧಿಯಲ್ಲಿ ಸ್ಥಳೀಯ ವಾದ್ಯವೃಂದದ ನಾಯಕರೊಬ್ಬರ ಕೋರಿಕೆಯಂತೆ ನೃತ್ಯಕೂಟಗಳಲ್ಲಿ ಬಳಸಲು ಧ್ವನಿವರ್ಧಕ ವ್ಯವಸ್ಥೆಗಳನ್ನು ನಿರ್ಮಿಸಿಕೊಟ್ಟರು. 1934ರಲ್ಲಿ ಎಸ್ತರ್ ಕ್ಲಾಸ್ಕಿ ಅವರನ್ನು ವಿವಾಹವಾದರು. ಅದೇ ಕಾಲದಲ್ಲಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗರ ಹುದ್ದೆ ದೊರೆತು ಸ್ಯಾನ್ ಲೂಯಿಸ್ ಒಬಿಸ್ಪೊ ಪಟ್ಟಣಕ್ಕೆ ತೆರಳಿದರು. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಆ ಹುದ್ದೆಯೂ, ಅನಂತರ ಟೈರ್ ಕಂಪನಿಯೊಂದರಲ್ಲಿ ದೊರೆತ ಹುದ್ದೆಯೂ ಉಳಿಯಲಿಲ್ಲ.

1938ರಲ್ಲಿ 600 ಡಾಲರ್ ಸಾಲ ಪಡೆದು ಫುಲ್ಲರ್ಟನ್‌ಗೆ ಮರಳಿದ ಅವರು ಫೆಂಡರ್ ರೇಡಿಯೊ ಸರ್ವಿಸ್ ಎಂಬ ದುರಸ್ತಿ ಅಂಗಡಿಯನ್ನು ತೆರೆದರು. ರೇಡಿಯೊ ಮತ್ತು ಗ್ರಾಮಫೋನ್‌ಗಳ ಜೊತೆಗೆ ಸಂಗೀತಗಾರರು ತಮ್ಮ ಆಂಪ್ಲಿಫೈಯರ್ ಮತ್ತು ಗಿಟಾರ್‌ಗಳನ್ನೂ ದುರಸ್ತಿಗಾಗಿ ಅಲ್ಲಿಗೆ ತರುತ್ತಿದ್ದರು. ಯಾವ ಭಾಗ ಬೇಗ ಕೆಡುತ್ತದೆ, ಯಾವುದನ್ನು ಬಿಚ್ಚುವುದು ಕಷ್ಟ, ವಾದಕರು ಯಾವುದಕ್ಕೆ ಬೇಸರಪಡುತ್ತಾರೆ ಎಂಬ ಅರಿವು ಅವರಿಗೆ ಈ ಅಂಗಡಿಯಲ್ಲಿ ದೊರೆಯಿತು.

ವಿದ್ಯುತ್ ಗಿಟಾರ್: ಅಂದಿನ ಸ್ಥಿತಿ

ಫೆಂಡರ್ ಅವರಿಗಿಂತ ಮೊದಲೇ ವಿದ್ಯುತ್ ಗಿಟಾರ್ ಬಳಕೆಗೆ ಬಂದಿತ್ತು. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಷಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರು ತೊಡೆಯ ಮೇಲಿಟ್ಟು ನುಡಿಸುವ ಲೋಹದ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿದ್ದರು. ಜ್ಯಾಸ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರು ಆ ದಶಕದ ಕೊನೆಯಲ್ಲಿ ವಿದ್ಯುತ್ ಗಿಟಾರನ್ನು ಏಕವ್ಯಕ್ತಿ ವಾದನಕ್ಕೆ ಯೋಗ್ಯವಾದ ವಾದ್ಯವೆಂದು ತೋರಿಸಿಕೊಟ್ಟಿದ್ದರು.

ಇಂತಹ ಗಿಟಾರಿನ ಹೃದಯಭಾಗವೆಂದರೆ ಪಿಕಪ್. ಕಾಂತಗಳ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಇದನ್ನು ತಯಾರಿಸಲಾಗುತ್ತದೆ. ಗಿಟಾರಿನ ಉಕ್ಕಿನ ತಂತಿ ಅದರ ಮೇಲ್ಭಾಗದಲ್ಲಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ಸೂಕ್ಷ್ಮ ವಿದ್ಯುತ್ ಉತ್ಪನ್ನವಾಗುತ್ತದೆ. ಆಂಪ್ಲಿಫೈಯರ್ ಈ ವಿದ್ಯುತ್ತನ್ನು ವರ್ಧಿಸಿ ಸ್ಪೀಕರಿಗೆ ಕಳುಹಿಸುತ್ತದೆ.

ಅಂದಿನ ಬಹುತೇಕ ವಿದ್ಯುತ್ ಗಿಟಾರ್‌ಗಳು ಟೊಳ್ಳು ಒಡಲಿನವು. ಧ್ವನಿ ಹೆಚ್ಚಿಸಿದಾಗ ಸ್ಪೀಕರಿನ ಶಬ್ದವೇ ಆ ಟೊಳ್ಳು ಒಡಲನ್ನು ಮತ್ತೆ ಕಂಪಿಸುವಂತೆ ಮಾಡಿ, ನಿಲ್ಲಿಸಲಾಗದ ಕೂಗು ಹೊರಡುತ್ತಿತ್ತು. ನೃತ್ಯಶಾಲೆಗಳ ಗದ್ದಲದಲ್ಲಿ ಹಿತ್ತಾಳೆ ವಾದ್ಯಗಳು ಮತ್ತು ಡ್ರಮ್‌ಗಳ ನಡುವೆ ಗಿಟಾರ್ ವಾದಕರು ಕೇಳಿಸಿಕೊಳ್ಳಬೇಕಾದರೆ ಈ ಸಮಸ್ಯೆ ಪರಿಹಾರವಾಗಬೇಕಿತ್ತು. ಗಟ್ಟಿ ಮರದ ಒಡಲಿನ ಗಿಟಾರ್ ಇದಕ್ಕೆ ಒಂದು ಉತ್ತರವಾಗಿತ್ತು. ಲೆಸ್ ಪಾಲ್ ಮತ್ತು ಪಾಲ್ ಬಿಗ್ಸ್‌ಬಿ ಮೊದಲಾದವರು ಬಿಡಿಬಿಡಿಯಾಗಿ ಅಂತಹ ವಾದ್ಯಗಳನ್ನು ಮಾಡಿದ್ದರು. ಅದನ್ನು ಕಾರ್ಖಾನೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿ, ಸಾಮಾನ್ಯ ವಾದಕರ ಕೈಗೆ ತಲುಪಿಸುವಲ್ಲಿ ಯಶಸ್ಸು ಪಡೆದವರು ಫೆಂಡರ್.

ಕೆ ಅಂಡ್ ಎಫ್ ಕಂಪನಿ

ರಿಕನ್‌ಬ್ಯಾಕರ್ ಕಂಪನಿಯೊಡನೆ ಕೆಲಸ ಮಾಡಿದ ಅನುಭವವಿದ್ದ ಕ್ಲೇಟನ್ ಓರ್ ಕಾಫ್‌ಮನ್ ಅವರ ಪರಿಚಯ ಫೆಂಡರ್ ಅವರಿಗೆ ರೇಡಿಯೊ ಅಂಗಡಿಯ ದಿನಗಳಲ್ಲಾಯಿತು. ಡಾಕ್ ಎಂಬ ಅಡ್ಡಹೆಸರಿನ ಕಾಫ್‌ಮನ್ ಅವರೊಂದಿಗೆ ಸೇರಿ ಯುದ್ಧಕಾಲದಲ್ಲಿ ಅವರು ಹೊಸ ಬಗೆಯ ಪಿಕಪ್‌ಗಳನ್ನು ರೂಪಿಸಿದರು. ಅದನ್ನು ಪರೀಕ್ಷಿಸಲು ಗಟ್ಟಿ ಮರದ ಒರಟಾದ ಗಿಟಾರೊಂದನ್ನು ಮಾಡಿ ಸ್ಥಳೀಯ ಸಂಗೀತಗಾರರಿಗೆ ಬಾಡಿಗೆಗೆ ಕೊಡತೊಡಗಿದರು. ನೋಟಕ್ಕೆ ಸಾಧಾರಣವಾಗಿದ್ದರೂ ಅದರ ಸ್ಪಷ್ಟ ಧ್ವನಿಗಾಗಿ ವಾದಕರು ಅದನ್ನು ಕೇಳಿ ಪಡೆಯುತ್ತಿದ್ದರು.

1945ರಲ್ಲಿ ಇಬ್ಬರೂ ಕೆ ಅಂಡ್ ಎಫ್ ಎಂಬ ಕಂಪನಿಯನ್ನು ಆರಂಭಿಸಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರ್ ಮತ್ತು ಆಂಪ್ಲಿಫೈಯರ್‌ಗಳನ್ನು ತಯಾರಿಸಿದರು. ಉದ್ಯಮವನ್ನು ವಿಸ್ತರಿಸುವ ಅಪಾಯಕ್ಕೆ ಕಾಫ್‌ಮನ್ ಅವರು ಸಿದ್ಧರಿರಲಿಲ್ಲ. 1946ರಲ್ಲಿ ಅವರು ಪಾಲುದಾರಿಕೆಯಿಂದ ಹೊರಬಂದರು. ಫೆಂಡರ್ ಅವರು ಕಂಪನಿಯನ್ನು ತಮ್ಮ ಹೆಸರಿನಲ್ಲಿ ಮುಂದುವರಿಸಿದರು. ಡಾನ್ ರ‍್ಯಾಂಡಲ್ ಅವರು ಮಾರಾಟದ ಹೊಣೆಯನ್ನು ಹೊತ್ತರು. 1948ರಲ್ಲಿ ಜಾರ್ಜ್ ಫುಲ್ಲರ್ಟನ್ ಅವರು ಕಾರ್ಖಾನೆಗೆ ಸೇರಿ, ಮುಂದೆ ಫೆಂಡರ್ ಅವರ ಜೀವನದುದ್ದಕ್ಕೂ ಸಹೋದ್ಯೋಗಿಯಾಗಿ ಉಳಿದರು.

ಟೆಲಿಕಾಸ್ಟರ್

1950ರಲ್ಲಿ ಫೆಂಡರ್ ಕಂಪನಿಯು ಎಸ್ಕ್ವೈರ್ ಎಂಬ ಗಟ್ಟಿ ಒಡಲಿನ ಗಿಟಾರನ್ನು ಪ್ರಕಟಿಸಿತು. ಅದೇ ವರ್ಷದ ಕೊನೆಗೆ ಎರಡು ಪಿಕಪ್‌ಗಳಿದ್ದ ಮಾದರಿಗೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಡಲಾಯಿತು. ಗ್ರೆಚ್ ಕಂಪನಿಯು ಅದೇ ಉಚ್ಚಾರಣೆಯ ಹೆಸರನ್ನು ತನ್ನ ಡ್ರಮ್‌ಗಳಿಗೆ ಬಳಸುತ್ತಿದ್ದುದರಿಂದ 1951ರ ಆರಂಭದಲ್ಲಿ ಆ ಹೆಸರನ್ನು ಕೈಬಿಡಬೇಕಾಯಿತು. ಹೊಸ ಹೆಸರು ದೊರೆಯುವವರೆಗೆ ಹೆಸರಿಲ್ಲದ ಪಟ್ಟಿಯೊಂದಿಗೆ ಮಾರಾಟವಾದ ಗಿಟಾರ್‌ಗಳನ್ನು ಸಂಗ್ರಾಹಕರು ಇಂದು ನೋಕಾಸ್ಟರ್ ಎಂದು ಕರೆಯುತ್ತಾರೆ. ಆಗಷ್ಟೇ ಮನೆಮನೆಗೆ ಬರುತ್ತಿದ್ದ ಟೆಲಿವಿಷನ್ನನ್ನು ನೆನಪಿಸುವ ಟೆಲಿಕಾಸ್ಟರ್ ಎಂಬ ಹೆಸರು ಕೊನೆಗೆ ನೆಲೆಗೊಂಡಿತು.

ಈ ಗಿಟಾರಿನ ರಚನೆಯಲ್ಲಿ ದುರಸ್ತಿಗಾರನ ದೃಷ್ಟಿ ಸ್ಪಷ್ಟವಾಗಿ ಕಾಣುತ್ತದೆ. ಸಾಂಪ್ರದಾಯಿಕ ಗಿಟಾರಿನ ಕತ್ತನ್ನು ಒಡಲಿಗೆ ಅಂಟಿನಿಂದ ಕೂಡಿಸುತ್ತಿದ್ದರು. ಫೆಂಡರ್ ಅವರು ಅದನ್ನು ನಾಲ್ಕು ತಿರುಪುಗಳಿಂದ ಬಿಗಿದರು. ಕತ್ತು ಸವೆದರೆ ಅಥವಾ ಬಾಗಿದರೆ ಕೆಲವೇ ನಿಮಿಷಗಳಲ್ಲಿ ಬೇರೊಂದನ್ನು ಜೋಡಿಸಬಹುದಿತ್ತು. ಶ್ರುತಿ ಮಾಡುವ ಆರೂ ಬಿರಡೆಗಳು ತಲೆಯ ಒಂದೇ ಪಕ್ಕದಲ್ಲಿದ್ದವು. ಮೊದಲ ಮಾದರಿಗಳಲ್ಲಿ ಕತ್ತಿನೊಳಗೆ ಉಕ್ಕಿನ ಸರಳು ಇರಲಿಲ್ಲ. ತಂತಿಗಳ ಎಳೆತಕ್ಕೆ ಕತ್ತು ಬಾಗುತ್ತದೆಂಬ ದೂರು ಬಂದ ಮೇಲೆ ಸರಳನ್ನು ಸೇರಿಸಲಾಯಿತು.

ತಂತಿಗಳನ್ನು ಹೊತ್ತ ಕುದುರೆಯ ಸಮೀಪದ ಪಿಕಪ್ಪನ್ನು ಓರೆಯಾಗಿ ಕೂರಿಸಲಾಗಿತ್ತು. ಕುದುರೆಯ ಬಳಿ ತಂತಿಯ ಕಂಪನ ಚಿಕ್ಕದಾಗಿದ್ದು, ಅಲ್ಲಿ ಎತ್ತರದ ಉಪಸ್ವರಗಳ ಪ್ರಮಾಣ ಹೆಚ್ಚಿರುತ್ತದೆ. ಆದ್ದರಿಂದ ಆ ಪಿಕಪ್ಪಿನ ಧ್ವನಿ ಚುರುಕಾಗಿ, ಹೊಳಪಿನಿಂದ ಕೂಡಿರುತ್ತದೆ. ಕತ್ತಿನ ಬಳಿಯ ಪಿಕಪ್ಪಿನಿಂದ ಬರುವ ಧ್ವನಿ ದುಂಡಗೆ, ಮೃದುವಾಗಿರುತ್ತದೆ. ಒಂದೇ ವಾದ್ಯದಲ್ಲಿ ಈ ಎರಡು ನಾದಗುಣಗಳನ್ನು ಗುಂಡಿಯೊಂದರಿಂದ ಆಯ್ದುಕೊಳ್ಳುವ ಅನುಕೂಲ ವಾದಕರಿಗೆ ದೊರೆಯಿತು. ಕಂಟ್ರಿ ಸಂಗೀತದ ವಾದಕರಲ್ಲಿ ಟೆಲಿಕಾಸ್ಟರ್ ಬೇಗನೆ ಜನಪ್ರಿಯವಾಯಿತು. ಸ್ವತಃ ಫೆಂಡರ್ ಅವರ ಮೆಚ್ಚಿನ ಸಂಗೀತವೂ ಅದೇ ಆಗಿತ್ತು.

ಪ್ರಿಸಿಷನ್ ಬೇಸ್

1951ರ ಕೊನೆಯಲ್ಲಿ ಬಂದ ಪ್ರಿಸಿಷನ್ ಬೇಸ್ ವಾದ್ಯವೃಂದದ ಸ್ವರೂಪವನ್ನೇ ಬದಲಿಸಿತು. ಅದುವರೆಗೆ ಮಂದ್ರ ಸ್ವರಗಳಿಗೆ ಆಳೆತ್ತರದ ಡಬಲ್ ಬೇಸ್ ವಾದ್ಯವನ್ನು ಅವಲಂಬಿಸಬೇಕಾಗಿತ್ತು. ಅದನ್ನು ಸಾಗಿಸುವುದು ಕಷ್ಟ, ಗದ್ದಲದಲ್ಲಿ ಅದು ಕೇಳಿಸುತ್ತಿದ್ದುದೂ ಕಡಿಮೆ. ಫೆಂಡರ್ ಅವರ ಬೇಸ್ ಗಿಟಾರ್ 34 ಅಂಗುಲ ಕಂಪನ ಉದ್ದದ ನಾಲ್ಕು ತಂತಿಗಳನ್ನು ಹೊಂದಿದ್ದು, ಡಬಲ್ ಬೇಸ್‌ನ ಶ್ರುತಿಯನ್ನೇ ಅನುಸರಿಸುತ್ತಿತ್ತು. ಕತ್ತಿನ ಮೇಲೆ ಲೋಹದ ಮೆಟ್ಟಿಲುಗಳಿದ್ದುದರಿಂದ ವಾದಕರು ಸ್ವರವನ್ನು ನಿಖರವಾಗಿ ಹಿಡಿಯಬಹುದಾಗಿತ್ತು. ನಿಖರತೆ ಎಂಬ ಅರ್ಥದ ಹೆಸರು ಬಂದುದು ಈ ಕಾರಣದಿಂದಲೇ.

1957ರಲ್ಲಿ ಇದರ ಪಿಕಪ್ಪನ್ನು ಎರಡು ತುಂಡುಗಳಾಗಿ ವಿಭಾಗಿಸಲಾಯಿತು. ಒಂದೇ ಸುರುಳಿಯ ಪಿಕಪ್‌ಗಳು ಸುತ್ತಲಿನ ವಿದ್ಯುತ್ ಜಾಲದ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತವೆ. ಎರಡು ಭಾಗಗಳ ಕಾಂತದ ಧ್ರುವಗಳನ್ನೂ ಸುರುಳಿಗಳನ್ನೂ ಪರಸ್ಪರ ವಿರುದ್ಧವಾಗಿ ಇಟ್ಟುದರಿಂದ ಆ ಶಬ್ದ ರದ್ದಾಗಿ ತಂತಿಯ ಧ್ವನಿ ಮಾತ್ರ ಉಳಿಯಿತು. ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಲ್ಲಿ ಜೇಮ್ಸ್ ಜೇಮರ್ಸನ್ ಅವರು ನುಡಿಸಿದ ಪ್ರಿಸಿಷನ್ ಬೇಸ್ 1960ರ ದಶಕದ ಜನಪ್ರಿಯ ಸಂಗೀತದ ಬುನಾದಿಯಾಯಿತು.

ಸ್ಟ್ರಾಟೊಕಾಸ್ಟರ್

ಟೆಲಿಕಾಸ್ಟರನ್ನು ಮೆಚ್ಚಿದ ವಾದಕರೇ ಅದರ ಕೊರತೆಗಳನ್ನೂ ಹೇಳತೊಡಗಿದರು. ಅದರ ಚೂಪಾದ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂಬುದು ಒಂದು ದೂರು. ಮೂರು ತುಂಡುಗಳ ಕುದುರೆಯಲ್ಲಿ ಎರಡೆರಡು ತಂತಿಗಳಿಗೆ ಒಂದೇ ಆಧಾರವಿದ್ದುದರಿಂದ ಎಲ್ಲ ಸ್ಥಾನಗಳಲ್ಲೂ ಸ್ವರ ಶುದ್ಧವಾಗಿ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ರೆಕ್ಸ್ ಗ್ಯಾಲಿಯನ್, ಬಿಲ್ ಕಾರ್ಸನ್ ಮೊದಲಾದ ವಾದಕರ ಸಲಹೆಗಳನ್ನು ಫೆಂಡರ್ ಅವರು ಗಮನವಿಟ್ಟು ಕೇಳಿದರು. ಸ್ವತಃ ಗಿಟಾರ್ ವಾದಕರಾಗಿದ್ದ ಫ್ರೆಡ್ಡಿ ತವಾರೆಸ್ ಅವರು 1953ರಲ್ಲಿ ಕಾರ್ಖಾನೆಗೆ ಸೇರಿ ಹೊಸ ಗಿಟಾರಿನ ಆಕಾರವನ್ನು ರೂಪಿಸುವಲ್ಲಿ ನೆರವಾದರು.

1954ರಲ್ಲಿ ಬಿಡುಗಡೆಯಾದ ಸ್ಟ್ರಾಟೊಕಾಸ್ಟರ್ ಈ ಎಲ್ಲ ಮಾತುಕತೆಗಳ ಫಲ. ವಾದಕರ ದೇಹಕ್ಕೆ ಹೊಂದುವಂತೆ ಅದರ ಒಡಲನ್ನು ಎರಡು ಕಡೆ ಕೆತ್ತಲಾಗಿತ್ತು. ಆರು ತಂತಿಗಳಿಗೆ ಪ್ರತ್ಯೇಕವಾಗಿ ಹೊಂದಿಸಬಹುದಾದ ಆರು ಆಧಾರಗಳಿದ್ದವು. ಮೂರು ಪಿಕಪ್‌ಗಳಿದ್ದವು. ಕುದುರೆಗೆ ಜೋಡಿಸಿದ ಸನ್ನೆಕೋಲನ್ನು ಒತ್ತಿದರೆ ಎಲ್ಲ ತಂತಿಗಳ ಸ್ವರವೂ ಒಟ್ಟಿಗೆ ಇಳಿದು, ಒಡಲಿನ ಹಿಂಭಾಗದಲ್ಲಿ ಅಡಗಿದ್ದ ಸುರುಳಿ ಸ್ಪ್ರಿಂಗ್‌ಗಳ ಬಲದಿಂದ ಮತ್ತೆ ಮೊದಲಿನ ಶ್ರುತಿಗೆ ಬರುತ್ತಿತ್ತು. ಸ್ಪ್ರಿಂಗ್‌ಗಳ ಎಳೆತ ಮತ್ತು ತಂತಿಗಳ ಎಳೆತ ಪರಸ್ಪರ ಸರಿದೂಗುವಂತೆ ಮಾಡುವುದು ಈ ವಿನ್ಯಾಸದ ಅತ್ಯಂತ ಕಠಿಣ ಭಾಗವಾಗಿತ್ತು.

ಸ್ಟ್ರಾಟೊಕಾಸ್ಟರಿನ ಪಿಕಪ್ ಆಯ್ಕೆಯ ಗುಂಡಿಗೆ ಮೂರು ಸ್ಥಾನಗಳು ಮಾತ್ರ ಇದ್ದವು. ಒಂದು ಸ್ಥಾನಕ್ಕೆ ಒಂದು ಪಿಕಪ್. ಗುಂಡಿಯನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿದರೆ ಎರಡು ಪಿಕಪ್‌ಗಳು ಒಟ್ಟಿಗೆ ಕೆಲಸ ಮಾಡಿ, ಕೆಲವು ಉಪಸ್ವರಗಳು ಒಂದನ್ನೊಂದು ಅಳಿಸಿ, ಟೊಳ್ಳಾದ ಗಂಟೆಯ ನಾದವನ್ನು ಹೋಲುವ ಧ್ವನಿ ಹೊರಡುವುದನ್ನು ವಾದಕರು ಕಂಡುಕೊಂಡರು. ವಿನ್ಯಾಸಕಾರರು ಯೋಜಿಸದೇ ಇದ್ದ ಈ ನಾದ ಮುಂದೆ ಸ್ಟ್ರಾಟೊಕಾಸ್ಟರಿನ ಗುರುತುಗಳಲ್ಲಿ ಒಂದಾಯಿತು. 1977ರಲ್ಲಿ ಕಂಪನಿಯೇ ಐದು ಸ್ಥಾನಗಳ ಗುಂಡಿಯನ್ನು ಅಳವಡಿಸಿತು.

1957ರಲ್ಲಿ ಬಡ್ಡಿ ಹಾಲಿ ಅವರು ಟೆಲಿವಿಷನ್‌ನಲ್ಲಿ ಈ ಗಿಟಾರನ್ನು ನುಡಿಸಿದ್ದು ಯುವಜನರ ನಡುವೆ ಅದರ ಪ್ರಸಿದ್ಧಿಗೆ ಕಾರಣವಾಯಿತು. ಮುಂದಿನ ದಶಕದಲ್ಲಿ ಜಿಮಿ ಹೆಂಡ್ರಿಕ್ಸ್ ಅವರು ಬಲಗೈ ವಾದಕರ ಸ್ಟ್ರಾಟೊಕಾಸ್ಟರನ್ನು ತಿರುಗಿಸಿ ಹಿಡಿದು ಎಡಗೈಯಿಂದ ನುಡಿಸಿ, ಅದರ ಸಾಧ್ಯತೆಗಳನ್ನು ವಿಸ್ತರಿಸಿದರು.

ಇತರ ವಾದ್ಯಗಳು

1958ರಲ್ಲಿ ಜ್ಯಾಸ್‌ಮಾಸ್ಟರ್ ಎಂಬ ಗಿಟಾರ್ ಬಂದಿತು. ಜ್ಯಾಸ್ ವಾದಕರಿಗೆ ಒಪ್ಪುವ ಮೃದು ನಾದಕ್ಕಾಗಿ ಇದರಲ್ಲಿ ಅಗಲವಾದ, ಚಪ್ಪಟೆಯಾದ ಪಿಕಪ್‌ಗಳನ್ನು ಬಳಸಲಾಗಿತ್ತು. ಜ್ಯಾಸ್ ವಾದಕರು ಇದನ್ನು ಹೆಚ್ಚಾಗಿ ಸ್ವೀಕರಿಸಲಿಲ್ಲ. ಕ್ಯಾಲಿಫೋರ್ನಿಯಾದ ಕಡಲತೀರದ ಯುವ ಸರ್ಫ್ ಸಂಗೀತಗಾರರು ಅದನ್ನು ತಮ್ಮದಾಗಿಸಿಕೊಂಡರು. 1960ರಲ್ಲಿ ಜ್ಯಾಸ್ ಬೇಸ್, 1962ರಲ್ಲಿ ಜಾಗ್ವಾರ್ ಎಂಬ ವಾದ್ಯಗಳು ಬಂದವು.

ಆಂಪ್ಲಿಫೈಯರ್‌ಗಳು

ಫೆಂಡರ್ ಅವರ ದೃಷ್ಟಿಯಲ್ಲಿ ಗಿಟಾರ್ ಮತ್ತು ಆಂಪ್ಲಿಫೈಯರ್ ಒಂದೇ ವಾದ್ಯದ ಎರಡು ಭಾಗಗಳು. ವಾಲ್ವ್‌ಗಳಿಂದ ಕೆಲಸ ಮಾಡುವ ಅಂದಿನ ಆಂಪ್ಲಿಫೈಯರ್‌ಗಳಲ್ಲಿ ಧ್ವನಿ ಒಂದು ಮಿತಿಯನ್ನು ದಾಟಿದರೆ ಅಲೆಯ ತುದಿಗಳು ಕತ್ತರಿಸಿಹೋಗಿ ನಾದ ಒಡೆಯುತ್ತಿತ್ತು. ಒಡಕಿಲ್ಲದ ಧ್ವನಿಯನ್ನು ದೊಡ್ಡ ಸಭಾಂಗಣದ ಕೊನೆಯವರೆಗೂ ತಲುಪಿಸುವುದು ಅವರ ಗುರಿಯಾಗಿತ್ತು. ಇದಕ್ಕಾಗಿ ಅವರು ಆಂಪ್ಲಿಫೈಯರಿನ ಶಕ್ತಿಯನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತ ಹೋದರು.

ಸರ್ಫ್ ಸಂಗೀತದ ವಾದಕ ಡಿಕ್ ಡೇಲ್ ಅವರು ಈ ಪ್ರಯತ್ನದ ಕಠಿಣ ಪರೀಕ್ಷಕರಾದರು. ಬಾಲ್ಬೋವಾದ ರಾಂಡೆವೂ ನೃತ್ಯಶಾಲೆಯಲ್ಲಿ ಸಾವಿರಾರು ಶ್ರೋತೃಗಳ ಮುಂದೆ ದಪ್ಪ ತಂತಿಗಳನ್ನು ಬಲವಾಗಿ ಮೀಟುತ್ತಿದ್ದ ಡೇಲ್ ಅವರ ಕೈಯಲ್ಲಿ ಅನೇಕ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳು ಸುಟ್ಟುಹೋದವು. ಹೀಗೆ ಕೆಟ್ಟುಹೋದ ಪ್ರತಿಯೊಂದನ್ನೂ ಪರಿಶೀಲಿಸಿ ಬಲಪಡಿಸುತ್ತ ಹೋದ ಫೆಂಡರ್ ಮತ್ತು ಅವರ ಸಹೋದ್ಯೋಗಿಗಳು 15 ಅಂಗುಲದ ಸ್ಪೀಕರನ್ನು ಹೊಂದಿದ ಶೋಮ್ಯಾನ್ ಮಾದರಿಯನ್ನು ರೂಪಿಸಿದರು. 1961ರಲ್ಲಿ ಸ್ಪ್ರಿಂಗ್‌ಗಳ ಮೂಲಕ ಧ್ವನಿಯನ್ನು ಹಾಯಿಸಿ ಅನುರಣನವನ್ನು ಸೇರಿಸುವ ರಿವರ್ಬ್ ಪೆಟ್ಟಿಗೆಯೂ ಬಂದಿತು. 1963ರಲ್ಲಿ ಬಂದ ಟ್ವಿನ್ ರಿವರ್ಬ್ ಶುದ್ಧ ನಾದದ ಆಂಪ್ಲಿಫೈಯರಿಗೆ ಮಾದರಿಯೆನಿಸಿತು.

ಬೇಸ್ ಗಿಟಾರಿಗಾಗಿ ರೂಪಿಸಿದ ಬೇಸ್‌ಮ್ಯಾನ್ ಆಂಪ್ಲಿಫೈಯರನ್ನು ಗಿಟಾರ್ ವಾದಕರು ಹೆಚ್ಚಾಗಿ ಬಳಸತೊಡಗಿದರು. ಧ್ವನಿಯನ್ನು ಪೂರ್ತಿ ಏರಿಸಿದಾಗ ಅದರಿಂದ ಬರುತ್ತಿದ್ದ ಒಡಕು ನಾದವೇ ಅವರಿಗೆ ಇಷ್ಟವಾಗಿತ್ತು. 1960ರ ದಶಕದ ಆರಂಭದಲ್ಲಿ ಲಂಡನ್‌ನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ತಯಾರಾದ ಮೊದಲ ಆಂಪ್ಲಿಫೈಯರಿಗೆ ಬೇಸ್‌ಮ್ಯಾನ್ ವಿನ್ಯಾಸವೇ ಆಧಾರವಾಯಿತು. ಫೆಂಡರ್ ಅವರು ದೋಷವೆಂದು ಎಣಿಸಿ ನಿವಾರಿಸಲು ಯತ್ನಿಸಿದ ಧ್ವನಿ, ಅವರದೇ ವಿನ್ಯಾಸದ ಮೂಲಕ ರಾಕ್ ಸಂಗೀತದ ಮುಖ್ಯ ಲಕ್ಷಣವಾಗಿ ಬೆಳೆಯಿತು.

ಕಾರ್ಯವಿಧಾನ

ಫೆಂಡರ್ ಅವರು ಮಿತಭಾಷಿ. ದಿನದ ಬಹುಪಾಲು ಸಮಯವನ್ನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದರು. ಹೊಸ ಭಾಗವೊಂದು ಸಿದ್ಧವಾದಾಗ ಅದನ್ನು ಸುತ್ತಮುತ್ತಲಿನ ನೃತ್ಯಶಾಲೆಗಳ ವಾದಕರಿಗೆ ಕೊಟ್ಟು, ಅವರು ನುಡಿಸುವುದನ್ನು ಕೇಳಿ, ಅವರ ಅಭಿಪ್ರಾಯದಂತೆ ತಿದ್ದುತ್ತಿದ್ದರು. ತಾವೇ ನುಡಿಸಲು ಬಾರದಿದ್ದುದರಿಂದ ಒಬ್ಬ ವಾದಕನ ಅಭ್ಯಾಸಕ್ಕೆ ಕಟ್ಟುಬೀಳದೆ ಅನೇಕರ ಅಗತ್ಯಗಳನ್ನು ಅಳೆದು ನೋಡುವುದು ಅವರ ರೂಢಿಯಾಗಿತ್ತು.

ಪಿಕಪ್‌ಗಳ ಸುರುಳಿಯನ್ನು ಯಂತ್ರದ ಮೇಲೆ ಸುತ್ತುವಾಗ ತಂತಿಯನ್ನು ಕಾರ್ಮಿಕರು ಕೈಯಿಂದಲೇ ನಡೆಸುತ್ತಿದ್ದರು. ಹೀಗಾಗಿ ಸುತ್ತುಗಳ ಸಂಖ್ಯೆಯಲ್ಲಿ, ಬಿಗಿಯಲ್ಲಿ ಸಣ್ಣ ವ್ಯತ್ಯಾಸಗಳು ಉಂಟಾಗಿ ಒಂದು ಗಿಟಾರಿನಂತೆ ಇನ್ನೊಂದು ನುಡಿಯುತ್ತಿರಲಿಲ್ಲ. 1956ರಲ್ಲಿ ಕಾರ್ಖಾನೆಗೆ ಸೇರಿದ ಅಬಿಗೇಲ್ ಇಬಾರಾ ಅವರು ಸುತ್ತಿದ ಪಿಕಪ್‌ಗಳು ವಾದಕರ ನಡುವೆ ವಿಶೇಷ ಮನ್ನಣೆ ಪಡೆದಿವೆ.

ಅನಾರೋಗ್ಯ ಮತ್ತು ಕಂಪನಿಯ ಮಾರಾಟ

1950ರ ದಶಕದಲ್ಲಿ ಫೆಂಡರ್ ಅವರಿಗೆ ಸೈನಸ್‌ನ ಸೋಂಕು ತಗುಲಿತು. ವರ್ಷಗಳು ಕಳೆದರೂ ಅದು ವಾಸಿಯಾಗಲಿಲ್ಲ. ಕಂಪನಿ ವೇಗವಾಗಿ ಬೆಳೆಯುತ್ತಿದ್ದ ಕಾಲದಲ್ಲಿಯೇ ಅವರ ಆರೋಗ್ಯ ಕ್ಷೀಣಿಸಿತು. ತಮಗೆ ಹೆಚ್ಚು ಆಯುಸ್ಸು ಉಳಿದಿಲ್ಲವೆಂದು ಭಾವಿಸಿದ ಅವರು ಉದ್ಯಮವನ್ನು ಬೇರೆಯವರಿಗೆ ಒಪ್ಪಿಸಲು ನಿರ್ಧರಿಸಿದರು. ಡಾನ್ ರ‍್ಯಾಂಡಲ್ ಅವರು ನಡೆಸಿದ ಮಾತುಕತೆಗಳ ಫಲವಾಗಿ 1965ರ ಜನವರಿಯಲ್ಲಿ ಸಿಬಿಎಸ್ ಪ್ರಸಾರ ಸಂಸ್ಥೆಯು 1.3 ಕೋಟಿ ಡಾಲರ್ ನೀಡಿ ಕಂಪನಿಯನ್ನು ಕೊಂಡಿತು. ಹಿಂದಿನ ವರ್ಷ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಬಹುಪಾಲು ಒಡೆತನಕ್ಕೆ ಅದೇ ಸಂಸ್ಥೆ ನೀಡಿದ್ದ ಮೊತ್ತಕ್ಕಿಂತಲೂ ಇದು ಹೆಚ್ಚಾಗಿತ್ತು.

ಮಾರಾಟದ ಕೆಲವು ವರ್ಷಗಳ ನಂತರ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಫೆಂಡರ್ ಅವರು ಗುಣಮುಖರಾದರು. ಅಷ್ಟರಲ್ಲಿ ಅವರ ಹೆಸರನ್ನು ಹೊತ್ತ ಕಂಪನಿ ಅವರ ಕೈಯಿಂದ ಹೋಗಿತ್ತು. ಒಪ್ಪಂದದಂತೆ ಕೆಲವು ವರ್ಷ ಸಲಹೆಗಾರರಾಗಿ ಉಳಿದ ಅವರು, ಕಂಪನಿಗೆ ಸ್ಪರ್ಧೆ ನೀಡುವ ವ್ಯವಹಾರದಿಂದ ದೂರವಿರಬೇಕಾಗಿತ್ತು. ಕಾರ್ಖಾನೆಯ ಮೇಲ್ವಿಚಾರಕರಾಗಿದ್ದ ಫಾರೆಸ್ಟ್ ವೈಟ್ ಅವರು ಹೊಸ ಆಡಳಿತದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಗುಣಮಟ್ಟವನ್ನು ಒಪ್ಪದೆ 1966ರಲ್ಲಿ ಕೆಲಸ ಬಿಟ್ಟರು. ಮಾರಾಟಕ್ಕೆ ಮೊದಲು ತಯಾರಾದ ವಾದ್ಯಗಳನ್ನು ವಾದಕರೂ ಸಂಗ್ರಾಹಕರೂ ಪ್ರತ್ಯೇಕವಾಗಿ ಗುರುತಿಸಿ ಹೆಚ್ಚಿನ ಬೆಲೆಗೆ ಕೊಳ್ಳುವ ಪದ್ಧತಿ ಕಾಲಕ್ರಮದಲ್ಲಿ ಬೆಳೆಯಿತು.

ಮ್ಯೂಸಿಕ್ ಮ್ಯಾನ್

ಫಾರೆಸ್ಟ್ ವೈಟ್ ಮತ್ತು ಟಾಮ್ ವಾಕರ್ ಅವರು 1970ರ ದಶಕದ ಆರಂಭದಲ್ಲಿ ಸ್ಥಾಪಿಸಿದ ಕಂಪನಿಯು 1974ರಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಹೆಸರನ್ನು ಪಡೆಯಿತು. ನಿರ್ಬಂಧದ ಅವಧಿ ಮುಗಿದ ಮೇಲೆ, 1975ರಲ್ಲಿ ಫೆಂಡರ್ ಅವರು ಅದರ ಅಧ್ಯಕ್ಷರಾದರು. 1976ರಲ್ಲಿ ಬಂದ ಸ್ಟಿಂಗ್‌ರೇ ಬೇಸ್ ಈ ಅವಧಿಯ ಮುಖ್ಯ ಕೊಡುಗೆ. ವಾದ್ಯದೊಳಗೆಯೇ ಬ್ಯಾಟರಿಯಿಂದ ಕೆಲಸ ಮಾಡುವ ಪೂರ್ವವರ್ಧಕವನ್ನು ಇದರಲ್ಲಿ ಅಳವಡಿಸಲಾಗಿತ್ತು. ಸಾಮಾನ್ಯ ಗಿಟಾರಿನ ನಾದದ ಗುಂಡಿ ಎತ್ತರದ ಸ್ವರಾಂಶಗಳನ್ನು ತಗ್ಗಿಸಬಲ್ಲುದೇ ಹೊರತು ಹೆಚ್ಚಿಸಲಾರದು. ಪೂರ್ವವರ್ಧಕದ ನೆರವಿನಿಂದ ವಾದಕರು ಅವುಗಳನ್ನು ಹೆಚ್ಚಿಸಲೂಬಹುದಾಯಿತು. ಪಾಲುದಾರರ ನಡುವಿನ ವ್ಯಾವಹಾರಿಕ ಭಿನ್ನಾಭಿಪ್ರಾಯಗಳಿಂದ ದಶಕದ ಕೊನೆಗೆ ಈ ಸಂಬಂಧ ಕೊನೆಗೊಂಡಿತು. 1984ರಲ್ಲಿ ಎರ್ನಿ ಬಾಲ್ ಕಂಪನಿಯು ಮ್ಯೂಸಿಕ್ ಮ್ಯಾನ್ ಅನ್ನು ಕೊಂಡಿತು.

ಜಿ ಅಂಡ್ ಎಲ್

1979ರಲ್ಲಿ ಪತ್ನಿ ಎಸ್ತರ್ ಅವರು ಕ್ಯಾನ್ಸರ್‌ನಿಂದ ನಿಧನರಾದರು. 1980ರಲ್ಲಿ ಫೆಂಡರ್ ಅವರು ಫಿಲ್ಲಿಸ್ ಅವರನ್ನು ವಿವಾಹವಾದರು. ಇದೇ ಸಂಧಿಕಾಲದಲ್ಲಿ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ ಅವರೊಂದಿಗೆ ಜಿ ಅಂಡ್ ಎಲ್ ಎಂಬ ಕಂಪನಿಯನ್ನು ಆರಂಭಿಸಿದರು. ಜಾರ್ಜ್ ಮತ್ತು ಲಿಯೋ ಎಂಬ ಹೆಸರುಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ.

ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಫೆಂಡರ್ ಅವರು ತಮ್ಮ ಮೊದಲ ವಿನ್ಯಾಸಗಳನ್ನು ಮತ್ತೆ ಪರಿಷ್ಕರಿಸಲು ಕುಳಿತರು. ಹೊಸ ಪಿಕಪ್‌ಗಳಲ್ಲಿ ಸೆರಾಮಿಕ್ ಕಾಂತವನ್ನು ಬಳಸಿ, ಪ್ರತಿ ತಂತಿಯ ಕೆಳಗೆ ಎತ್ತರ ಹೊಂದಿಸಬಹುದಾದ ಕಬ್ಬಿಣದ ತುಂಡುಗಳನ್ನಿಟ್ಟರು. ತಂತಿಗಳ ನಡುವಿನ ಧ್ವನಿಯ ಸಮತೋಲವನ್ನು ವಾದಕರೇ ಹೊಂದಿಸಿಕೊಳ್ಳಲು ಇದರಿಂದ ಸಾಧ್ಯವಾಯಿತು. ಸ್ಟ್ರಾಟೊಕಾಸ್ಟರಿನಲ್ಲಿ ಆರು ತಿರುಪುಗಳ ಮೇಲೆ ತೂಗುತ್ತಿದ್ದ ಕುದುರೆಯನ್ನು ಇಲ್ಲಿ ಎರಡು ಆಧಾರಬಿಂದುಗಳ ಮೇಲೆ ನಿಲ್ಲಿಸಿದರು. ಜಗತ್ತಿನಾದ್ಯಂತ ವಾದಕರು ಹಳೆಯ ಫೆಂಡರ್ ಗಿಟಾರ್‌ಗಳನ್ನು ಆದರ್ಶವೆಂದು ಅರಸುತ್ತಿದ್ದಾಗ, ಅವುಗಳನ್ನು ರೂಪಿಸಿದವರು ಅವುಗಳ ಕೊರತೆಗಳನ್ನು ತಿದ್ದುವುದರಲ್ಲಿ ನಿರತರಾಗಿದ್ದರು.

ಇತ್ತ 1985ರಲ್ಲಿ ಬಿಲ್ ಶುಲ್ಟ್ಸ್ ಅವರ ನೇತೃತ್ವದಲ್ಲಿ ಸಿಬ್ಬಂದಿ ಮತ್ತು ಹೂಡಿಕೆದಾರರ ಗುಂಪೊಂದು ಸಿಬಿಎಸ್‌ನಿಂದ ಫೆಂಡರ್ ಕಂಪನಿಯನ್ನು ಕೊಂಡು ಪುನಶ್ಚೇತನಗೊಳಿಸಿತು. ಲಿಯೋ ಫೆಂಡರ್ ಅವರು ಆ ಕಂಪನಿಗೆ ಮರಳಲಿಲ್ಲ.

ಕೊನೆಯ ದಿನಗಳು ಮತ್ತು ನಿಧನ

ಕೊನೆಯ ವರ್ಷಗಳಲ್ಲಿ ಫೆಂಡರ್ ಅವರನ್ನು ಪಾರ್ಕಿನ್ಸನ್ ಕಾಯಿಲೆ ಬಾಧಿಸಿತು. ಲಘು ಪಾರ್ಶ್ವವಾಯುವಿನ ಆಘಾತಗಳೂ ಆದವು. ದೇಹ ಸಹಕರಿಸದಿದ್ದರೂ ಅವರು ಜಿ ಅಂಡ್ ಎಲ್ ಕಾರ್ಖಾನೆಗೆ ಬರುವುದನ್ನು ನಿಲ್ಲಿಸಲಿಲ್ಲ. 1991ರ ಮಾರ್ಚ್ 20ರಂದು ಕೂಡ ಅವರು ಅಲ್ಲಿ ಕೆಲಸ ಮಾಡಿದ್ದರು. ಮರುದಿನ, ಮಾರ್ಚ್ 21ರಂದು, ತಮ್ಮ 81ನೆಯ ವಯಸ್ಸಿನಲ್ಲಿ ನಿಧನರಾದರು. ಸಾಂಟಾ ಆನಾ ನಗರದ ಫೇರ್‌ಹೇವನ್ ಸ್ಮಾರಕ ಉದ್ಯಾನದಲ್ಲಿ ಅವರ ಸಮಾಧಿ ಇದೆ. ಅವರ ನಿಧನದ ನಂತರ ಜಿ ಅಂಡ್ ಎಲ್ ಕಂಪನಿಯ ಆಡಳಿತ ಬಿಬಿಇ ಸೌಂಡ್ ಸಂಸ್ಥೆಗೆ ಹೋಯಿತು.

ಗೌರವಗಳು

1992ರಲ್ಲಿ ಲಿಯೋ ಫೆಂಡರ್ ಅವರನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಮರಣೋತ್ತರವಾಗಿ ಸೇರಿಸಲಾಯಿತು. ಅವರ ಸ್ಟ್ರಾಟೊಕಾಸ್ಟರಿನ ಅತ್ಯಂತ ಪ್ರಸಿದ್ಧ ವಾದಕ ಜಿಮಿ ಹೆಂಡ್ರಿಕ್ಸ್ ಅವರ ತಂಡವೂ ಅದೇ ವರ್ಷ ಈ ಗೌರವಕ್ಕೆ ಪಾತ್ರವಾಯಿತು. 2009ರಲ್ಲಿ, ಅವರ ಜನ್ಮಶತಮಾನೋತ್ಸವದ ವರ್ಷ, ತಾಂತ್ರಿಕ ಕೊಡುಗೆಗಾಗಿ ಗ್ರ್ಯಾಮಿ ಪ್ರಶಸ್ತಿ ನೀಡಲಾಯಿತು. ಫುಲ್ಲರ್ಟನ್ ನಗರದಲ್ಲಿ ಜಿ ಅಂಡ್ ಎಲ್ ಕಾರ್ಖಾನೆಯಿದ್ದ ರಸ್ತೆಗೆ ಫೆಂಡರ್ ಅವರ ಹೆಸರಿದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅವರ ಜೀವನ ಮತ್ತು ಸಾಧನೆಗೆ ಮೀಸಲಾದ ವಿಭಾಗವಿದೆ.

ಪ್ರಭಾವ

ಗಟ್ಟಿ ಒಡಲು, ತಿರುಪುಗಳಿಂದ ಬಿಗಿದ ಕತ್ತು, ಬಿಡಿಭಾಗಗಳನ್ನು ಸುಲಭವಾಗಿ ಬದಲಿಸಬಹುದಾದ ಜೋಡಣೆ ಎಂಬ ಫೆಂಡರ್ ಅವರ ವಿಧಾನವನ್ನು ಜಗತ್ತಿನ ಅಸಂಖ್ಯ ಗಿಟಾರ್ ತಯಾರಕರು ಅನುಸರಿಸಿದ್ದಾರೆ. ಒಬ್ಬ ಕುಶಲಕರ್ಮಿಯ ಕೈಯಲ್ಲಿ ನಿಧಾನವಾಗಿ ರೂಪುಗೊಳ್ಳುತ್ತಿದ್ದ ವಾದ್ಯವನ್ನು ಅವರು ಕಾರ್ಖಾನೆಯ ಉತ್ಪನ್ನವನ್ನಾಗಿಸಿದರು. ಭಾಗಗಳನ್ನು ಬದಲಿಸುವುದು ಸುಲಭವಾದುದರಿಂದ, ಪಿಕಪ್, ಕತ್ತು, ಕುದುರೆಗಳನ್ನು ತಮಗೆ ಬೇಕಾದಂತೆ ಆಯ್ದು ಸ್ವಂತ ನಾದವನ್ನು ಅರಸುವ ಅವಕಾಶ ಪ್ರತಿಯೊಬ್ಬ ವಾದಕನಿಗೂ ದೊರೆಯಿತು.

ಪರಿಪೂರ್ಣ ನಾದವೆಂದರೆ ಮೀಟಿದ ತಂತಿಯ ಸ್ವರ ಏನನ್ನೂ ಕಳೆದುಕೊಳ್ಳದೆ, ಏನೂ ಸೇರದೆ ಶ್ರೋತೃವಿನ ಕಿವಿಗೆ ತಲುಪುವುದು ಎಂಬ ಗುರಿಯಿಂದ ಫೆಂಡರ್ ಅವರು ಹೊರಟಿದ್ದರು. ಅವರ ವಾದ್ಯಗಳನ್ನು ಹಿಡಿದ ಪೀಳಿಗೆಗಳು ಆ ಗುರಿಯನ್ನು ಕೆಲವೊಮ್ಮೆ ಅನುಸರಿಸಿ, ಹಲವು ಬಾರಿ ಮೀರಿ, ಕಂಟ್ರಿ, ಬ್ಲೂಸ್, ಸೋಲ್, ಸರ್ಫ್ ಮತ್ತು ರಾಕ್ ಪ್ರಕಾರಗಳಲ್ಲಿ ಬೇರೆ ಬೇರೆ ನಾದಗಳನ್ನು ಕಂಡುಕೊಂಡವು. ಇಷ್ಟೊಂದು ಭಿನ್ನ ಅಭಿರುಚಿಗಳಿಗೆ ಒಂದೇ ವಾದ್ಯ ಒದಗಿಬಂದುದು ಅವರ ವಿನ್ಯಾಸಗಳ ಅತ್ಯಂತ ದೊಡ್ಡ ಸಾಧನೆಯೆಂದು ಪರಿಗಣಿಸಲಾಗಿದೆ.